ಬೆಕ್ಕಿನ ಕಾಯಿಲೆ: ಯಾವುದಕ್ಕೆ ನಾಳೆವರೆಗೂ ಕಾಯಬಹುದು, ಯಾವುದಕ್ಕೆ ಕಾಯಲೇಬಾರದು

ಗಂಡು ಬೆಕ್ಕು ಮತ್ತೆ ಮತ್ತೆ ಲಿಟರ್ ಬಾಕ್ಸಿಗೆ, ಅಂದ್ರೆ ಉಚ್ಚೆ ಮಾಡೋ ಮರಳಿನ ಡಬ್ಬಿಗೆ, ಹೋಗಿ ಕೂತ್ಕೊಂಡು ತಿಣುಕ್ತಾ ಇದೆ, ಒಂದು ಹನಿನೂ ಬರ್ತಿಲ್ಲ, ಕೂಗ್ತಿದೆ, ಎದ್ದು ಬಂದು ಅಲ್ಲೇ ನೆಕ್ಕೋತಾ ಇದೆ, ಇಷ್ಟು ನಿಮ್ಮ ಮನೇಲಿ ಈಗ ನಡೀತಾ ಇದ್ರೆ ಓದೋದು ಇಲ್ಲಿಗೇ ನಿಲ್ಸಿ ಬೆಕ್ಕನ್ನ ಎತ್ಕೊಂಡು ಡಾಕ್ಟ್ರ ಹತ್ರ ಹೋಗಿ, ರಾತ್ರಿ ಹನ್ನೊಂದಾಗಿದ್ರೂ ಸರಿ. ಉಳಿದೋರು ಓದಿ, ಯಾಕೆ ಇಷ್ಟು ಅರ್ಜೆಂಟ್ ಅಂತ ಕೆಳಗೆ ಬಿಡಿಸಿ ಹೇಳ್ತೀನಿ.

ಬೆಕ್ಕು ಸಾಕೋ ತುಂಬಾ ಜನ ಬೆಕ್ಕನ್ನ ಸಣ್ಣ ನಾಯಿ ಅಂತಲೋ ಸಣ್ಣ ಮಗು ಅಂತಲೋ ಅಂದ್ಕೊಂಡು ನೋಡ್ಕೋತಾರೆ. ಪ್ರೀತಿಯಿಂದಾನೇ ಮಾಡ್ತಾರೆ, ಆದ್ರೆ ಬೆಕ್ಕಿನ ದೇಹ ಕೆಲಸ ಮಾಡೋ ರೀತಿನೇ ಬೇರೆ. ನಾಯಿ ಎರಡು ದಿನ ಉಪವಾಸ ಇದ್ರೆ ತಡ್ಕೊಳ್ಳತ್ತೆ, ಬೆಕ್ಕಿಗೆ ಅದು ಲಿವರ್‌ಗೇ ಏಟು. ನಮಗೆ ಜ್ವರ ಇಳಿಸೋ ಮಾತ್ರೆ ಬೆಕ್ಕನ್ನ ಕೊಲ್ಲತ್ತೆ. ಈ ವ್ಯತ್ಯಾಸಗಳು ಒಂದ್ಸಲ ತಲೆಗೆ ಹೋದ್ರೆ ಯಾವುದಕ್ಕೆ ಗಾಬರಿ ಆಗ್ಬೇಕು, ಯಾವುದಕ್ಕೆ ಬೇಡ ಅಂತ ತಾನಾಗೇ ಗೊತ್ತಾಗತ್ತೆ, ಕಾಯಿಲೆ ಹೆಸರು ಬಾಯಿಪಾಠ ಮಾಡೋ ಅಗತ್ಯ ಇಲ್ಲ.

ಮೊದಲನೇ ಕಷ್ಟ ಅಂದ್ರೆ ಬೆಕ್ಕು ನೋವು ತೋರ್ಸಲ್ಲ. ಬೇಟೆಯಾಡೋ ಪ್ರಾಣಿ ಹೌದು, ಆದ್ರೆ ಅದರ ಗಾತ್ರಕ್ಕೆ ತಾನೂ ಇನ್ನೊಬ್ಬರ ಬೇಟೆ ಆಗೋ ಪ್ರಾಣಿ, ಹಾಗಾಗಿ ಹುಷಾರಿಲ್ದೇ ಇದ್ರೆ ಸುಮ್ಮನೆ ಮಂಚದ ಕೆಳಗೋ ಬೀರು ಹಿಂದೆನೋ ಹೋಗಿ ಕೂತ್ಬಿಡತ್ತೆ. ಮನೆಯೋರು "ಇವತ್ತು ಯಾಕೋ ಜಾಸ್ತಿ ನಿದ್ದೆ ಮಾಡ್ತಿದೆ" ಅಂದ್ಕೋತಾರೆ. ಬೆಕ್ಕಿನ ಮುಖ ನೋಡಿ ನೋವನ್ನ ಅಳೆಯೋಕೆ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಒಂದು ಅಳತೆಪಟ್ಟಿ ಪ್ರಕಟಿಸಿದ್ರು, ಅದರಲ್ಲಿ ನೋಡೋದು ಐದೇ ವಿಷಯ: ಕಿವಿ ಪಕ್ಕಕ್ಕೆ ತಿರುಗಿ ಚಪ್ಪಟೆ ಆಗಿದ್ಯಾ, ಕಣ್ಣು ಅರ್ಧ ಮುಚ್ಚಿದ್ಯಾ, ಮೂತಿ ಬಿಗಿದುಕೊಂಡಿದ್ಯಾ, ಮೀಸೆ ನೆಟ್ಟಗೆ ಬಿಗಿಯಾಗಿ ನಿಂತಿದ್ಯಾ, ತಲೆ ಭುಜಕ್ಕಿಂತ ಕೆಳಗೆ ಜೋತು ಬಿದ್ದಿದ್ಯಾ. ನಿಮ್ಮ ಬೆಕ್ಕು ಆರೋಗ್ಯವಾಗಿದ್ದಾಗ ಮುಖ ಹೇಗಿರತ್ತೆ ಅಂತ ಒಂದೆರಡು ಫೋಟೋ ತೆಗೆದಿಟ್ಕೊಂಡ್ರೆ ಹೋಲ್ಸಿ ನೋಡೋಕೆ ಸುಲಭ. ಇದರ ಜೊತೆಗೆ ಒಸಡು ನೋಡೋದು ರೂಢಿ ಮಾಡ್ಕೊಳ್ಳಿ, ಗುಲಾಬಿ ಬಣ್ಣ ಇದ್ರೆ ಸರಿ, ಬಿಳಿಚಿಕೊಂಡಿದ್ರೆ ರಕ್ತ ಕಮ್ಮಿ ಆಗಿರಬಹುದು, ಹಳದಿ ಅಂದ್ರೆ ಕಾಮಾಲೆ, ನೀಲಿನೋ ಕಂದು ಬಣ್ಣಕ್ಕೋ ತಿರುಗಿದ್ರೆ ಆಕ್ಸಿಜನ್ ಸಿಗ್ತಿಲ್ಲ ಅಂತ. ಮಲಗಿರೋವಾಗ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಸಲ ಉಸಿರಾಡ್ತಾ ಇದ್ರೆ ಎಚ್ಚರ. ಬಾಯಿ ತೆರೆದು ನಾಯಿ ತರ ಏದುಸಿರು ಬಿಡ್ತಾ ಇದ್ರಂತೂ ಅದನ್ನ ಎಮರ್ಜೆನ್ಸಿ ಅಂತಲೇ ತಿಳ್ಕೊಳ್ಳಿ.

ಈಗ ಉಚ್ಚೆ ಕಟ್ಟೋ ವಿಷಯ. ಗಂಡು ಬೆಕ್ಕಿನ ಮೂತ್ರನಾಳ ತುದೀಲಿ ತುಂಬಾ ಕಿರಿದು. ಮೂತ್ರದಲ್ಲಿರೋ ಸಣ್ಣ ಹರಳಿನ ಪುಡಿ, ಉರಿಯೂತದಿಂದ ಬಂದ ಲೋಳೆ ಎಲ್ಲಾ ಸೇರ್ಕೊಂಡು ಅಲ್ಲಿ ಅಡ್ಡ ಕೂತ್ಬಿಡತ್ತೆ. ಕಿಡ್ನಿಗೆ ಇದು ಗೊತ್ತಾಗಲ್ಲ, ಅದು ತನ್ನ ಪಾಡಿಗೆ ಮೂತ್ರ ತಯಾರು ಮಾಡ್ತಾನೇ ಇರತ್ತೆ, ಮೂತ್ರಕೋಶ ತುಂಬಿ ಕಲ್ಲಿನಂತಾಗತ್ತೆ, ಒತ್ತಡ ವಾಪಸ್ ಕಿಡ್ನಿಗೆ ಹೋಗತ್ತೆ, ದೇಹದಿಂದ ಹೊರಗೆ ಹೋಗಬೇಕಾಗಿದ್ದ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಏರ್ತಾ ಹೋಗತ್ತೆ. ಪೊಟ್ಯಾಸಿಯಂ ಜಾಸ್ತಿ ಆದ್ರೆ ಹೃದಯದ ಬಡಿತ ತಾಳ ತಪ್ಪಿ ನಿಧಾನ ಆಗಿ ನಿಂತೇ ಹೋಗಬಹುದು. ಪೂರ್ತಿ ಕಟ್ಟಿಕೊಂಡ ಮೇಲೆ ಒಂದೆರಡು ದಿನದಲ್ಲಿ ಪ್ರಾಣ ಹೋಗತ್ತೆ. ತುಂಬಾ ಮನೆಗಳಲ್ಲಿ ಆಗೋದೇನು ಅಂದ್ರೆ ಬೆಕ್ಕು ತಿಣುಕೋದು ನೋಡಿ ಮಲ ಕಟ್ಟಿದೆ ಅಂದ್ಕೊಂಡು ಹರಳೆಣ್ಣೆ ಕುಡಿಸಿ ಬೆಳಗ್ಗೆವರೆಗೂ ಕಾಯ್ತಾರೆ, ಆ ಒಂದು ರಾತ್ರಿಲೇ ಕೈ ಮೀರಿ ಹೋಗತ್ತೆ. ನೀವು ಮನೇಲಿ ಮಾಡಬಹುದಾದ್ದು ಏನೂ ಇಲ್ಲ, ಹೊಟ್ಟೆ ಅಮುಕಿ ಉಚ್ಚೆ ಬರ್ಸೋಕೆ ಹೋಗಬೇಡಿ, ಮೂತ್ರಕೋಶ ಒಡೆಯೋ ಅಪಾಯ ಇದೆ. ಡಾಕ್ಟ್ರು ಮಂಪರು ಕೊಟ್ಟು ಸಣ್ಣ ಟ್ಯೂಬ್ ಹಾಕಿ ದಾರಿ ಬಿಡಿಸ್ತಾರೆ, ಡ್ರಿಪ್ ಹಾಕ್ತಾರೆ, ಕೆಲವು ದಿನ ಟ್ಯೂಬ್ ಹಾಗೇ ಬಿಡಬೇಕಾಗಬಹುದು. ಒಂದ್ಸಲ ಕಟ್ಟಿದ ಬೆಕ್ಕಿಗೆ ಮತ್ತೆ ಕಟ್ಟೋ ಸಾಧ್ಯತೆ ಇದೆ, ಅದರಲ್ಲೂ ಮೊದಲ ಕೆಲವು ವಾರ ಕಣ್ಣಿಟ್ಟಿರಬೇಕು. ಹೆಣ್ಣು ಬೆಕ್ಕಿಗೆ ನಾಳ ಅಗಲ ಇರೋದ್ರಿಂದ ಪೂರ್ತಿ ಕಟ್ಟೋದು ಅಪರೂಪ, ಉಚ್ಚೇಲಿ ರಕ್ತ ಕಂಡ್ರೆ, ಲಿಟರ್ ಬಿಟ್ಟು ಸೋಫಾ ಮೇಲೆ ಬಾತ್‌ರೂಮಲ್ಲಿ ಹನಿ ಹನಿ ಮಾಡಿದ್ರೆ ಮಾರನೇ ದಿನ ತೋರಿಸಬಹುದು.

ಇದು ಯಾಕೆ ಬರತ್ತೆ ಅಂದ್ರೆ ಒಂದೇ ಕಾರಣ ಇಲ್ಲ. ಬೆಕ್ಕುಗಳ ಮೂಲ ಪೂರ್ವಜ ಒಣಪ್ರದೇಶದ ಕಾಡುಬೆಕ್ಕು, ಬೇಟೆಯ ಮಾಂಸದಲ್ಲೇ ನೀರು ಸಿಗೋದ್ರಿಂದ ಬಟ್ಟಲಿಂದ ನೀರು ಕುಡಿಯೋ ಹಂಬಲ ಅದಕ್ಕೆ ಕಮ್ಮಿ. ಇಲಿ ಮೈಯಲ್ಲಿ ಸುಮಾರು 70 ಪರ್ಸೆಂಟ್ ನೀರಿರತ್ತೆ, ಪ್ಯಾಕೆಟ್ಟಲ್ಲಿ ಬರೋ ಒಣ ಕಾಳಿನ ಫುಡ್ಡಲ್ಲಿ ಇರೋದು 10 ಪರ್ಸೆಂಟ್ ಆಸುಪಾಸು. ಅದನ್ನೇ ದಿನಾ ತಿಂದು ನೀರು ಕಮ್ಮಿ ಕುಡಿದ್ರೆ ಮೂತ್ರ ಗಟ್ಟಿಯಾಗತ್ತೆ. ಜೊತೆಗೆ ಟೆನ್ಷನ್ನೂ ಒಂದು ದೊಡ್ಡ ಕಾರಣ, ಮನೆ ಶಿಫ್ಟ್ ಮಾಡಿದ್ದು, ಹೊಸ ಬೆಕ್ಕು ತಂದಿದ್ದು, ದೀಪಾವಳಿ ಪಟಾಕಿ, ಇವೆಲ್ಲಾ ಮೂತ್ರಕೋಶದ ಉರಿಯೂತ ಕೆರಳಿಸತ್ತೆ. ಹಾಗಾಗಿ ದಿನಕ್ಕೊಂದು ಹೊತ್ತಾದ್ರೂ ಒದ್ದೆ ಆಹಾರ ಕೊಡಿ, ನೀರಿನ ಬಟ್ಟಲು ಊಟದ ಬಟ್ಟಲಿಂದ ದೂರ ಎರಡು ಮೂರು ಕಡೆ ಇಡಿ, ಎಷ್ಟು ಬೆಕ್ಕಿದ್ಯೋ ಅದಕ್ಕಿಂತ ಒಂದು ಜಾಸ್ತಿ ಲಿಟರ್ ಬಾಕ್ಸ್ ಇರಲಿ.

ಊಟ ಬಿಡೋದಕ್ಕೂ ಇಷ್ಟೇ ಬೆಲೆ ಕೊಡಬೇಕು. ಬೆಕ್ಕು ಎರಡು ಮೂರು ದಿನ ಏನೂ ತಿನ್ನಲಿಲ್ಲ ಅಂದ್ರೆ ಮೈಯಲ್ಲಿರೋ ಕೊಬ್ಬು ಕರಗಿ ಲಿವರ್‌ಗೆ ನುಗ್ಗತ್ತೆ, ಬೆಕ್ಕಿನ ಲಿವರ್‌ಗೆ ಅಷ್ಟೊಂದು ಕೊಬ್ಬನ್ನ ಸಂಭಾಳಿಸೋಕಾಗಲ್ಲ, ಅದು ಅಲ್ಲೇ ತುಂಬ್ಕೊಂಡು ಲಿವರ್ ಕೆಲಸ ನಿಲ್ಲಿಸತ್ತೆ. ದಪ್ಪ ಬೆಕ್ಕಿಗೆ ಇದು ಇನ್ನೂ ಬೇಗ ಆಗತ್ತೆ, "ದಪ್ಪಗಿದ್ಯಲ್ಲ ಎರಡು ದಿನ ತಿಂದಿಲ್ಲ ಅಂದ್ರೇನು" ಅನ್ನೋ ಲೆಕ್ಕ ಇಲ್ಲಿ ಪೂರ್ತಿ ಉಲ್ಟಾ. ದೊಡ್ಡ ಬೆಕ್ಕು 24 ಗಂಟೆ ಏನೂ ಮುಟ್ಟಿಲ್ಲ ಅಂದ್ರೆ ಡಾಕ್ಟ್ರಿಗೆ ಫೋನ್ ಮಾಡಿ, ಮರಿ ಆದ್ರೆ ಅರ್ಧ ದಿನ ಕೂಡ ಕಾಯಬೇಡಿ.

ಮರಿಗಳ ವಿಷಯ ಬಂದ್ರೆ ಹೆದರಬೇಕಾದ ಹೆಸರು ಒಂದೇ, ಪ್ಯಾನ್‌ಲ್ಯೂಕೋಪೀನಿಯಾ. ಎಫ್‌ಪಿವಿ ಅಂತಾರೆ, ಬೆಕ್ಕಿನ ಪಾರ್ವೋ ಅಂತಲೂ ಅಂತಾರೆ, ನಾಯಿಗಳಿಗೆ ಬರೋ ಪಾರ್ವೋ ವೈರಸ್ಸಿನ ಹತ್ತಿರದ ಸಂಬಂಧಿ. 2025ರ ಫೆಬ್ರವರಿಲಿ ರಾಯಚೂರು ಕಡೆ ಬೆಕ್ಕುಗಳಿಗೆ ಇದು ಹರಡಿದ ಸುದ್ದಿ ಪೇಪರಲ್ಲೆಲ್ಲಾ ಬಂದಿತ್ತು, ಆಗ ಮೊದಲ ಸಲ ಈ ಹೆಸರು ಕೇಳಿದೋರೇ ಜಾಸ್ತಿ. ಈ ವೈರಸ್ ಹುಡುಕಿಕೊಂಡು ಹೋಗೋದು ವೇಗವಾಗಿ ಬೆಳೆಯೋ ಜೀವಕೋಶಗಳನ್ನ, ಅಂದ್ರೆ ಕರುಳಿನ ಒಳಪದರ ಮತ್ತೆ ಮೂಳೆ ಮಜ್ಜೆ. ಕರುಳು ಹಾಳಾದ್ರೆ ವಾಂತಿ ಬೇಧಿ ಆಗಿ ಮೈಯಲ್ಲಿ ನೀರೇ ಉಳಿಯಲ್ಲ, ಮಜ್ಜೆ ಹಾಳಾದ್ರೆ ಬಿಳಿ ರಕ್ತಕಣ ಕುಸಿದು ಬೀಳತ್ತೆ, ಸೋಂಕಿನ ವಿರುದ್ಧ ಹೋರಾಡೋ ಸೈನ್ಯನೇ ಇಲ್ಲದ ಹಾಗಾಗತ್ತೆ. ನಿನ್ನೆ ಆಡ್ತಿದ್ದ ಮರಿ ಇವತ್ತು ಮಂಕಾಗಿ ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂತಿದೆ ಆದ್ರೆ ಕುಡೀತಿಲ್ಲ, ನೊರೆ ನೊರೆ ಹಳದಿ ವಾಂತಿ ಮಾಡ್ತಿದೆ ಅಂದ್ರೆ ಮೊದಲು ಇದನ್ನೇ ಅನುಮಾನಿಸಬೇಕು. ಕೆಲವು ಮರಿಗಳು ಬೇಧಿ ಶುರು ಆಗೋ ಮುಂಚೆನೇ ಹೋಗ್ಬಿಡತ್ತೆ, ಯಾರೋ ವಿಷ ಹಾಕಿರಬೇಕು ಅಂತ ಪಕ್ಕದ ಮನೆಯೋರ ಮೇಲೆ ಅನುಮಾನ ಪಡೋದೂ ಉಂಟು. ವೈರಸ್ಸನ್ನೇ ಕೊಲ್ಲೋ ಔಷಧಿ ಆಸ್ಪತ್ರೆಗಳಲ್ಲಿ ವಾಡಿಕೆಯಲ್ಲಿಲ್ಲ, ಡ್ರಿಪ್ಪು, ವಾಂತಿ ನಿಲ್ಸೋ ಇಂಜೆಕ್ಷನ್, ಆಂಟಿಬಯೋಟಿಕ್ ಕೊಟ್ಟು ಮರಿ ತಾನೇ ಗೆಲ್ಲೋವರೆಗೂ ಹಿಡ್ಕೊಂಡಿರಬೇಕು, ಬೇಗ ಹೋದಷ್ಟೂ ಬದುಕೋ ಅವಕಾಶ ಜಾಸ್ತಿ.

ಇನ್ನೊಂದು ಭಯಂಕರ ವಿಷಯ ಅಂದ್ರೆ ಈ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಬದುಕಿರಬಲ್ಲದು. ಸ್ಯಾನಿಟೈಸರ್‌ಗೆ ಬಗ್ಗಲ್ಲ. ಚಪ್ಪಲಿ, ಬಟ್ಟೆ, ಬುಟ್ಟಿ ಮೂಲಕ ಬರತ್ತೆ, ಹಾಗಾಗಿ "ನಮ್ಮ ಬೆಕ್ಕು ಹೊರಗೇ ಹೋಗಲ್ಲ, ಲಸಿಕೆ ಯಾಕೆ" ಅನ್ನೋ ವಾದಕ್ಕೆ ಅರ್ಥ ಇಲ್ಲ. ಸತ್ತ ಮರಿಯ ಹಾಸಿಗೆ, ಪ್ಲಾಸ್ಟಿಕ್ ಲಿಟರ್ ಬಾಕ್ಸ್ ಬಿಸಾಕಿಬಿಡಿ, ನೆಲವನ್ನ ಮೊದಲು ಸೋಪು ನೀರಲ್ಲಿ ತೊಳೆದು ಆಮೇಲೆ ಒಂದು ಭಾಗ ಬ್ಲೀಚ್ ದ್ರಾವಣಕ್ಕೆ 30 ಭಾಗ ನೀರು ಹಾಕಿ ಹತ್ತು ನಿಮಿಷ ಒದ್ದೆಯಾಗಿ ಬಿಟ್ಟು ತೊಳೀರಿ. ಗಲೀಜಿನ ಮೇಲೇ ಬ್ಲೀಚ್ ಸುರಿದ್ರೆ ಕೆಲಸ ಮಾಡಲ್ಲ, ಟಾಯ್ಲೆಟ್ ಆಸಿಡ್ ಜೊತೆ ಬೆರೆಸಿದ್ರೆ ನಿಮಗೇ ಅಪಾಯ. ಬೀದಿಯಿಂದ ಮರಿ ತಂದ್ರೆ ಎರಡು ವಾರ ಬೇರೆ ರೂಮಲ್ಲಿಡಿ, ಮನೇಲಿ ಲಸಿಕೆ ಆಗಿರದ ಬೆಕ್ಕಿದ್ದಾಗ ಕನಿಕರದಿಂದ ನೇರ ಒಳಗೆ ಬಿಟ್ಟು ಎರಡನ್ನೂ ಕಳ್ಕೊಂಡೋರಿದ್ದಾರೆ.

ಇಷ್ಟೆಲ್ಲಾ ಕಷ್ಟ ತಪ್ಪಿಸೋದು ಒಂದು ಲಸಿಕೆ. ಮೂರು ರೋಗಕ್ಕೆ ಸೇರಿ ಒಂದೇ ಇಂಜೆಕ್ಷನ್, ಕ್ಲಿನಿಕ್ಕಲ್ಲಿ ಟ್ರೈಕ್ಯಾಟ್ ಅಂದ್ರೆ ಗೊತ್ತಾಗತ್ತೆ. ಆರರಿಂದ ಎಂಟು ವಾರಕ್ಕೆ ಶುರು ಮಾಡಿ ಮೂರು ನಾಲ್ಕು ವಾರಕ್ಕೊಂದ್ಸಲ, ಮರಿಗೆ 16 ವಾರ ಆಗೋವರೆಗೂ ಕೊಡಬೇಕು. ಒಂದೇ ಸಾಲದಾ ಅಂತ ಎಲ್ಲರೂ ಕೇಳ್ತಾರೆ, ಸಾಲದು ಯಾಕಂದ್ರೆ ಮರಿ ಮೈಯಲ್ಲಿ ತಾಯಿ ಹಾಲಿಂದ ಬಂದ ಪ್ರತಿಕಾಯ ಇರತ್ತೆ, ಅದು ಲಸಿಕೆಯನ್ನೂ ಶತ್ರು ಅಂದ್ಕೊಂಡು ಅಳಿಸಿಹಾಕತ್ತೆ, ಅದು ಯಾವ ವಾರ ಕರಗತ್ತೆ ಅನ್ನೋದು ಒಂದೊಂದು ಮರಿಗೆ ಒಂದೊಂದು ತರ. 16ನೇ ವಾರದವರೆಗೂ ಕೊಡೋದು ಆ ಸಂದಿ ತಪ್ಪಿ ಹೋಗದೇ ಇರಲಿ ಅಂತ. ವರ್ಷದ ಮೇಲೆ ಬೂಸ್ಟರ್. ಮೂರು ತಿಂಗಳು ತುಂಬಿದ ಮೇಲೆ ರೇಬಿಸ್ ಲಸಿಕೆ ಬೇರೆಯಾಗಿ. ಹಳ್ಳಿ ಕಡೆ ಪಶು ಆಸ್ಪತ್ರೆಗಳು ಮುಖ್ಯವಾಗಿ ದನ ಎಮ್ಮೆ ಕುರಿಗೆ ಇರೋದ್ರಿಂದ ಟ್ರೈಕ್ಯಾಟ್ ಸಿಗುತ್ತೋ ಇಲ್ವೋ ಫೋನ್ ಮಾಡಿ ಕೇಳ್ಕೊಂಡು ಹೋಗಿ.

ಆ ಲಸಿಕೆಯ ಉಳಿದ ಎರಡು ಪಾಲು ಬೆಕ್ಕಿನ ಶೀತಕ್ಕೆ, ಹರ್ಪಿಸ್ ಮತ್ತೆ ಕ್ಯಾಲಿಸಿ ಅನ್ನೋ ವೈರಸ್ಸುಗಳಿಗೆ. ಸೀನು, ಕಣ್ಣಲ್ಲಿ ಗೀಜು, ಮೂಗಲ್ಲಿ ಸಿಂಬಳ. ಕ್ಯಾಲಿಸಿ ಆದ್ರೆ ನಾಲಿಗೆ ಮೇಲೆ ಹುಣ್ಣಾಗಿ ಜೊಲ್ಲು ಸುರಿಯತ್ತೆ. ಲಸಿಕೆ ಹಾಕಿದ್ರೂ ಬರಬಹುದು ಆದ್ರೆ ಜೋರಾಗಿ ಬರಲ್ಲ. ಹರ್ಪಿಸ್ ಒಂದ್ಸಲ ಬಂದ್ರೆ ಜೀವನಪೂರ್ತಿ ಮೈಯೊಳಗೆ ಅಡಗಿರತ್ತೆ, ಟೆನ್ಷನ್ ಆದಾಗ ಮತ್ತೆ ಎದ್ದೇಳತ್ತೆ. ಸೀನೋದೊಂದೇ ಇದ್ದು ಚೆನ್ನಾಗಿ ತಿಂತಾ ಇದ್ರೆ ಒಂದೆರಡು ದಿನ ನೋಡಬಹುದು. ಮೂಗು ಕಟ್ಟಿ ವಾಸನೆ ಸಿಗದೇ ಊಟ ಬಿಟ್ರೆ ಮೇಲೆ ಹೇಳಿದ ಲಿವರ್ ಕಥೆ ಶುರು ಆಗತ್ತೆ, ಆಗ ಮೀನನ್ನ ಸ್ವಲ್ಪ ಬೆಚ್ಚಗೆ ಮಾಡಿ ವಾಸನೆ ಬರೋ ಹಾಗೆ ಕೊಟ್ಟು ನೋಡಿ, ಗೀಜನ್ನ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆದರೂ ತಿನ್ನದಿದ್ರೆ ಹೊರಡಿ.

ಮಗುಗೆ ಶೀತ ಆದಾಗ ಹಚ್ಚೋ ನೀಲಗಿರಿ ಎಣ್ಣೆ, ಕರ್ಪೂರ ಮಾತ್ರ ದಯವಿಟ್ಟು ಬೆಕ್ಕಿಗೆ ಹಚ್ಚಬೇಡಿ. ಇಲ್ಲಿಂದ ನನಗೆ ತುಂಬಾ ಸಂಕಟ ಕೊಡೋ ವಿಷಯ ಶುರುವಾಗತ್ತೆ. ನಮ್ಮ ಲಿವರ್ ಕೆಲವು ರಾಸಾಯನಿಕಗಳನ್ನ ಒಂದು ಕಿಣ್ವದ ಸಹಾಯದಿಂದ ಬದಲಾಯಿಸಿ ಉಚ್ಚೇಲಿ ಹೊರಹಾಕತ್ತೆ, ಬೆಕ್ಕುಗಳಲ್ಲಿ ಆ ಕಿಣ್ವ ಕೆಲಸ ಮಾಡಲ್ಲ, ಮಾಂಸ ಮಾತ್ರ ತಿನ್ನೋ ಪ್ರಾಣಿಗೆ ಗಿಡದ ವಿಷಗಳನ್ನ ಕರಗಿಸೋ ಅಗತ್ಯ ಬೀಳದೇ ಅದು ಕಳೆದುಹೋಗಿದೆ ಅಂತ ವಿಜ್ಞಾನಿಗಳ ವಿವರಣೆ. ಪರಿಣಾಮ ಏನು ಅಂದ್ರೆ ಒಂದು 500 ಎಂಜಿ ಪ್ಯಾರಾಸಿಟಮಾಲ್ ಮಾತ್ರೆ ಒಂದು ಬೆಕ್ಕನ್ನ ಕೊಲ್ಲೋಕೆ ಸಾಕು. ಮೈ ಬಿಸಿ ಇದೆ ಅಂತ ಅರ್ಧ ಮಾತ್ರೆ ಕೊಡ್ತಾರೆ, ಕೆಲವೇ ಗಂಟೇಲಿ ಒಸಡು ಕಂದು ಬಣ್ಣಕ್ಕೆ ತಿರುಗತ್ತೆ, ಮುಖ ಪಾದ ಊದಿಕೊಳ್ಳತ್ತೆ, ರಕ್ತಕ್ಕೆ ಆಕ್ಸಿಜನ್ ಹೊರೋ ಶಕ್ತಿನೇ ಹೋಗಿರತ್ತೆ. ಬೆಕ್ಕಿನ ಸಾಮಾನ್ಯ ಮೈ ಬಿಸಿನೇ 38ರಿಂದ 39.2 ಡಿಗ್ರಿ ಸೆಲ್ಸಿಯಸ್, ನಮ್ಮ ಕೈಗೆ ಅದು ಯಾವಾಗಲೂ ಬಿಸಿಯಾಗೇ ಇರತ್ತೆ, ಮುಟ್ಟಿ ನೋಡಿ ಜ್ವರ ಅಂತ ತೀರ್ಮಾನ ಮಾಡೋಕಾಗಲ್ಲ.

ಫಿನಾಯಿಲ್ ಇದೇ ಸಾಲಿಗೆ ಸೇರಿದ್ದು. ನಮ್ಮ ಮನೆಗಳಲ್ಲಿ ನೆಲ ಒರೆಸೋಕೆ ಅದಿಲ್ಲದೇ ಆಗಲ್ಲ, ಬೆಕ್ಕು ಒದ್ದೆ ನೆಲದ ಮೇಲೆ ನಡೆದು ಆಮೇಲೆ ಪಾದ ನೆಕ್ಕೋತದೆ. ನೀರಿಗೆ ಹಾಕಿದ್ರೆ ಹಾಲಿನ ಹಾಗೆ ಬೆಳ್ಳಗಾಗೋ ಫಿನಾಯಿಲ್, ಆಂಟಿಸೆಪ್ಟಿಕ್ ದ್ರಾವಣಗಳನ್ನ ಬೆಕ್ಕಿರೋ ಮನೇಲಿ ಬಿಟ್ಬಿಡೋದೇ ವಾಸಿ, ಗಾಯ ತೊಳೆಯೋಕಂತೂ ಬೇಡವೇ ಬೇಡ. ಹಾಗೇ ದನಕ್ಕೆ ಉಣ್ಣೆ ಹೋಗ್ಲಿ ಅಂತ ಹಚ್ಚೋ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ನಾಯಿಯ ಬೆನ್ನಿಗೆ ಹಾಕೋ ಪರ್ಮೆಥ್ರಿನ್ ಇರೋ ಹನಿ, ಇವನ್ನ ಚಿಗಟ ಇದೆ ಅಂತ ಬೆಕ್ಕಿಗೆ ಹಚ್ಚಿದ್ರೆ ಮೈಯೆಲ್ಲಾ ನಡುಗಿ ಫಿಟ್ಸ್ ಬರತ್ತೆ. ಬೊಕೆಯಲ್ಲಿ ಬರೋ ಲಿಲ್ಲಿ ಹೂವು ಇನ್ನೂ ಅಪಾಯ, ಎಲೆ ಕಚ್ಚಿದ್ರೂ, ಮೈಮೇಲೆ ಬಿದ್ದ ಪರಾಗ ನೆಕ್ಕಿದ್ರೂ ಕಿಡ್ನಿ ಫೇಲಾಗತ್ತೆ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರಿನ ಚೂರು ಕೊಡಬೇಡಿ, ಅದು ಕೆಂಪು ರಕ್ತಕಣ ಒಡೆಯತ್ತೆ. ಇಂಥದ್ದೇನಾದ್ರೂ ಹೊಟ್ಟೆಗೆ ಹೋಗಿದ್ರೆ ಉಪ್ಪು ನೀರು ಕುಡಿಸಿ ವಾಂತಿ ಮಾಡ್ಸೋಕೆ ಹೋಗದೇ ಆ ಬಾಟಲಿನೋ ಮಾತ್ರೆ ಚೀಟಿನೋ ಜೊತೆಗೆ ತಗೊಂಡು ಓಡಿ.

ಹಾಲು ಅನ್ನದ ಬಗ್ಗೆ ಹೇಳಿದ್ರೆ ಕೆಲವರಿಗೆ ಬೇಜಾರಾಗತ್ತೆ, ಆದ್ರೂ ಹೇಳಲೇಬೇಕು. ಬೆಕ್ಕಿನ ದೇಹಕ್ಕೆ ಟಾರಿನ್ ಅನ್ನೋ ಅಂಶ ಬೇಕು, ತನಗೆ ಸಾಕಾಗುವಷ್ಟು ಅದು ತಾನೇ ತಯಾರು ಮಾಡ್ಕೊಳ್ಳಲ್ಲ, ಸಿಗೋದು ಮಾಂಸ ಮೀನಲ್ಲಿ, ಧಾನ್ಯದಲ್ಲಿ ಇಲ್ಲ. ಅದು ಕಮ್ಮಿ ಆದ್ರೆ ಕಣ್ಣಿನ ರೆಟಿನಾ ಹಾಳಾಗತ್ತೆ, ಹೃದಯದ ಸ್ನಾಯು ತೆಳ್ಳಗಾಗಿ ಹಿಗ್ಗತ್ತೆ. ಹೃದಯದ ಕಾಯಿಲೆಗೂ ಟಾರಿನ್‌ಗೂ ಇರೋ ಈ ನಂಟು 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಸಂಶೋಧಕರಿಂದ ಗೊತ್ತಾಯ್ತು, ಆಮೇಲೆ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಟಾರಿನ್ ಜಾಸ್ತಿ ಮಾಡಿದ್ವು. "ನಮ್ಮಜ್ಜಿ ಮನೆ ಬೆಕ್ಕು ಹಾಲು ಅನ್ನ ತಿಂದೇ ಗುಂಡುಗುಂಡಾಗಿತ್ತಲ್ಲ" ಅಂತೀರಾ, ಆ ಬೆಕ್ಕು ಹಿತ್ತಿಲಲ್ಲಿ, ಅಟ್ಟದ ಮೇಲೆ ಇಲಿ ಹಿಡೀತಿತ್ತು, ಟಾರಿನ್ ಅಲ್ಲಿಂದ ಬರ್ತಿತ್ತು. ಮೂರನೇ ಮಹಡಿ ಫ್ಲಾಟಲ್ಲಿರೋ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ಮನೇಲಿ ಮಾಂಸ ಮಾಡದ ಸಸ್ಯಾಹಾರಿಗಳು ಬೆಕ್ಕಿಗಂತಲೇ ಮಾಡಿದ ಪೂರ್ಣ ಆಹಾರದ ಪ್ಯಾಕೆಟ್ ತಂದು ಕೊಡಬಹುದು, ನಾಯಿ ಫುಡ್ ಆಗಲ್ಲ. ಚಿಕನ್ ಬೇಯಿಸಿ ಕೊಡೋರು ಬೇಯಿಸಿದ ನೀರನ್ನ ಚೆಲ್ಲಬೇಡಿ, ಟಾರಿನ್ ಸಾಕಷ್ಟು ಅದರಲ್ಲೇ ಇಳಿದಿರತ್ತೆ, ಆದ್ರೂ ಬರೀ ಚಿಕನ್ ಪೂರ್ಣ ಆಹಾರ ಅಲ್ಲ. ಹಸಿ ಮಾಂಸ ಬೇಡ, ಹಕ್ಕಿಜ್ವರದ ವೈರಸ್ಸು ಬೆಕ್ಕುಗಳಿಗೂ ತಗಲತ್ತೆ. ಹಾಲು ಕುಡಿದು ಬೇಧಿ ಆಗ್ತಾ ಇದ್ರೆ ಹಾಲು ನಿಲ್ಲಿಸಿ, ದೊಡ್ಡ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಸಾಮಾನ್ಯವಾಗಿ ಅರಗಲ್ಲ.

ಕಾಯಬಹುದಾದ್ದು ಬೇಗ ಹೇಳಿಬಿಡ್ತೀನಿ. ಬಾಲದ ಕೆಳಗೆ ಅಕ್ಕಿಕಾಳಿನಷ್ಟು ಬಿಳಿ ತುಂಡು ಕಂಡ್ರೆ ಲಾಡಿಹುಳ, ಅದು ಚಿಗಟ ನುಂಗೋದ್ರಿಂದ ಬರತ್ತೆ, ಹುಳಕ್ಕೆ ಮಾತ್ರೆ ಕೊಟ್ಟು ಚಿಗಟ ಬಿಟ್ರೆ ಮತ್ತೆ ಬರತ್ತೆ. ಮರಿಗಳಿಗೆ ಜಂತುಹುಳ ತಾಯಿ ಹಾಲಲ್ಲೇ ಬರೋದ್ರಿಂದ ಮೂರು ವಾರದಿಂದ ಎರಡು ವಾರಕ್ಕೊಮ್ಮೆ ಔಷಧಿ, ದೊಡ್ಡದಕ್ಕೆ ಮೂರು ತಿಂಗಳಿಗೊಮ್ಮೆ, ಡೋಸು ತೂಕ ನೋಡಿ. ಕಿವೀಲಿ ಕಪ್ಪು ಪುಡಿಪುಡಿ ಗುಗ್ಗೆ ತುಂಬಿ ತಲೆ ಕೊಡವುತ್ತಾ ಇದ್ರೆ ಕಿವಿ ನುಸಿ. ರೌಂಡಾಗಿ ಕೂದಲು ಉದುರಿದ್ರೆ ಹುಳುಕಡ್ಡಿ ಇರಬಹುದು, ಮನೆ ಮಕ್ಕಳಿಗೂ ಅಂಟತ್ತೆ, ಬೇಗ ತೋರಿಸಿ.

ಒಂದೆರಡು ವರ್ಷದೊಳಗಿನ ಬೆಕ್ಕಿಗೆ ಜ್ವರ ಬಿಡ್ತಾನೇ ಇಲ್ಲ, ಬೆನ್ನೆಲುಬು ಕಾಣ್ತಿದೆ ಆದ್ರೆ ಹೊಟ್ಟೆ ಮಾತ್ರ ಬಾತ್ಕೊಂಡಿದೆ ಅಂದ್ರೆ ಎಫ್ಐಪಿ ಅನ್ನೋ ಕಾಯಿಲೆ ಇದ್ಯಾ ಅಂತ ಡಾಕ್ಟ್ರನ್ನ ಕೇಳಿ. ಬಹಳ ಬೆಕ್ಕುಗಳ ಕರುಳಲ್ಲಿ ತೊಂದ್ರೆ ಕೊಡದೇ ಇರೋ ಒಂದು ಕೊರೋನಾ ವೈರಸ್ ಕೆಲವೇ ಬೆಕ್ಕುಗಳಲ್ಲಿ ರೂಪ ಬದಲಾಯಿಸಿ ಹೀಗೆ ಮಾಡತ್ತೆ. ಮೊದಲು ಇದು ಬಂತಂದ್ರೆ ಮುಗೀತು ಅಂತಲೇ ಇತ್ತು. ಡೇವಿಸ್‌ನ ನೀಲ್ಸ್ ಪೆಡರ್ಸನ್ ತಂಡ 2019ರಲ್ಲಿ ಜಿಎಸ್-441524 ಅನ್ನೋ ಔಷಧಿಯಿಂದ ಬೆಕ್ಕುಗಳು ವಾಸಿ ಆಗಿದ್ದನ್ನ ಪ್ರಕಟಿಸಿದ ಮೇಲೆ ಚಿತ್ರವೇ ಬದಲಾಯ್ತು, ಸಾಮಾನ್ಯವಾಗಿ 84 ದಿನದ ಚಿಕಿತ್ಸೆ. ಯಾರಾದ್ರೂ ಇದಕ್ಕೆ ಔಷಧಿನೇ ಇಲ್ಲ ಅಂದ್ರೆ ಇನ್ನೊಬ್ಬ ಡಾಕ್ಟ್ರನ್ನ ಕೇಳದೇ ಕೈಬಿಡಬೇಡಿ.

ಮನುಷ್ಯರಿಗೆ ಬರೋದರಲ್ಲಿ ರೇಬಿಸ್ ಮುಖ್ಯ. ಬೆಕ್ಕು ಕಚ್ಚಿದ್ರೂ ಪರಚಿ ರಕ್ತ ಬಂದ್ರೂ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ. ಇನ್ನು ಮನೇಲಿ ಸೊಸೆ ಬಸುರಿ ಅಂದ ಕೂಡಲೇ ಬೆಕ್ಕನ್ನ ದೂರ ಬಿಟ್ಟು ಬರೋದನ್ನ ನೋಡಿದ್ರೆ ಕರುಳು ಕಿವುಚತ್ತೆ. ಟಾಕ್ಸೋಪ್ಲಾಸ್ಮಾ ಅನ್ನೋ ಪರಾವಲಂಬಿ ಜೀವಿಯ ಭಯಕ್ಕೆ ಹಾಗೆ ಮಾಡ್ತಾರೆ, ಅದು ಬೆಕ್ಕಿನ ಮಲದಲ್ಲಿ ಬಂದ್ರೂ ಸೋಂಕು ತರೋ ಹಂತಕ್ಕೆ ಬರೋಕೆ ಒಂದರಿಂದ ಐದು ದಿನ ಬೇಕು, ದಿನಾ ಲಿಟರ್ ಬೇರೆ ಯಾರಾದ್ರೂ ತೆಗೆದು ಕೈ ತೊಳೆದ್ರೆ ಆಯ್ತು. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪಿಂದಾನೂ ಅದು ಬರತ್ತೆ.

ಸಂತಾನಹರಣ ಆಪರೇಷನ್ನನ್ನ ಮರಿ ಹಾಕಬಾರದು ಅನ್ನೋ ಒಂದೇ ಕಾರಣಕ್ಕೆ ಮಾಡ್ಸೋದಲ್ಲ. ಆರು ತಿಂಗಳ ಒಳಗೆ ಆಪರೇಷನ್ ಆದ ಹೆಣ್ಣು ಬೆಕ್ಕಿಗೆ ಮೊಲೆ ಕ್ಯಾನ್ಸರ್ ಅಪಾಯ ಸುಮಾರು 91 ಪರ್ಸೆಂಟ್ ಕಮ್ಮಿ ಅಂತ ಅಮೆರಿಕದ ಒಂದು ಅಧ್ಯಯನ 2005ರಲ್ಲಿ ತೋರಿಸಿದೆ, ಬೆಕ್ಕಿನ ಮೊಲೆ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ರೇ ಆಗಿರೋದ್ರಿಂದ ಇದು ಸಣ್ಣ ವಿಷಯ ಅಲ್ಲ. ಗರ್ಭಕೋಶದಲ್ಲಿ ಕೀವು ತುಂಬೋದೂ ತಪ್ಪತ್ತೆ. ಗಂಡು ಬೆಕ್ಕು ಜಗಳಕ್ಕೆ ಹೋಗೋದು ಕಮ್ಮಿ ಆಗತ್ತೆ, ಕಚ್ಚಾಟದಿಂದ ಹರಡಿ ಬೆಕ್ಕಿನ ರೋಗ ತಡೆಯೋ ಶಕ್ತಿ ಕುಗ್ಗಿಸೋ ಎಫ್ಐವಿ ವೈರಸ್ಸೂ ದೂರ, ಅದು ಮನುಷ್ಯರಿಗೆ ಬರಲ್ಲ.

ಏಳೆಂಟು ವರ್ಷ ದಾಟಿದ ಬೆಕ್ಕಿಗೆ ಕಿಡ್ನಿ ಕಡೆ ಗಮನ ಇರಲಿ. ಕಿಡ್ನಿ ಮುಕ್ಕಾಲು ಪಾಲು ಹಾಳಾಗೋವರೆಗೂ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ಏರಲ್ಲ, ಅಷ್ಟರೊಳಗೆ ಮನೇಲಿ ಕಾಣೋದು ಎರಡೇ ಗುರುತು, ನೀರು ಜಾಸ್ತಿ ಕುಡಿಯೋದು ಮತ್ತೆ ಲಿಟರಲ್ಲಿ ಉಚ್ಚೆಯಿಂದಾದ ದೊಡ್ಡ ದೊಡ್ಡ ಉಂಡೆ. ದಿನಕ್ಕೆ ಒಂದು ಕೆಜಿ ತೂಕಕ್ಕೆ 100 ಎಂಎಲ್‌ಗಿಂತ ಜಾಸ್ತಿ ಕುಡೀತಿದ್ರೆ ಬ್ಲಡ್ ಟೆಸ್ಟ್ ಮಾಡ್ಸಿ, ಶುಗರ್ ಇದ್ರೂ ಹೀಗೇ ಆಗತ್ತೆ. ಬೇಗ ಗೊತ್ತಾದ್ರೆ ಕಿಡ್ನಿ ಡಯಟ್ ಮೇಲೆ ವರ್ಷಗಟ್ಟಲೆ ಬದುಕೋ ಬೆಕ್ಕುಗಳಿವೆ. ತಿಂಗಳಿಗೊಂದ್ಸಲ ಬೆಕ್ಕನ್ನ ಎತ್ಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ವ್ಯತ್ಯಾಸವನ್ನ ಕ್ಯಾಲೆಂಡರಲ್ಲಿ ಬರೆದಿಡಿ. ನಾಲ್ಕು ಕೆಜಿ ಬೆಕ್ಕು 400 ಗ್ರಾಂ ಇಳಿದಿದ್ರೆ ಅದು ಮೈಯ ಹತ್ತನೇ ಒಂದು ಭಾಗ, ಕೂದಲು ದಟ್ಟ ಇರೋದ್ರಿಂದ ಕಣ್ಣಿಗೆ ಕಾಣಲ್ಲ, ಆ ವಾರನೇ ಅಪಾಯಿಂಟ್‌ಮೆಂಟ್ ತಗೊಂಡು ಆ ಕ್ಯಾಲೆಂಡರ್ ಹಾಳೆಯ ಫೋಟೋನ ಡಾಕ್ಟ್ರಿಗೆ ತೋರಿಸಿ.